ಬೀಟಲ್ ಎಂಜಿನ್ ಆಯಿಲ್ ಸೋರುತ್ತಿದೆಯೇ? ಹನಿ ಬಿದ್ದ ಜಾಗವಲ್ಲ, ಹುಟ್ಟಿದ ಜಾಗ ಹುಡುಕಿ

ಬೆಳಿಗ್ಗೆ ಕಾರು ಹೊರಗೆ ತೆಗೆದು ತಿರುಗಿ ನೋಡಿದರೆ ನೆಲದ ಮೇಲೆ ಕಪ್ಪು ಚುಕ್ಕೆ. ನಿನ್ನೆ ಎರಡಿತ್ತು, ಇವತ್ತು ಐದಿದೆ. ಹಳೆಯ ಏರ್‌ಕೂಲ್ಡ್ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆಲ್ಲ ಈ ಚುಕ್ಕೆಯ ಪರಿಚಯ ಇದ್ದೇ ಇರುತ್ತದೆ. ‘ಈ ಗಾಡಿಗಳು ಸೋರೋದೇ ಹೀಗೆ’ ಅಂತ ಸುಮ್ನೆ ಬಿಡುವವರು ಕೆಲವರು. ಗಾಬರಿಯಾಗಿ ಎಂಜಿನ್ನನ್ನೇ ಇಳಿಸುವವರು ಇನ್ನು ಕೆಲವರು. ಎರಡೂ ಬೇಡ.

ಯಾಕೆ ಬಿಡಬಾರದು? ಕಾರಿನ ಹಿಂಭಾಗದಲ್ಲಿರುವ ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ. ಅದನ್ನು ತಣ್ಣಗಿಡುವುದು ಫ್ಯಾನಿನ ಗಾಳಿ ಮತ್ತು ಒಳಗೆ ಓಡುವ ಎಣ್ಣೆ. ಆ ಎಣ್ಣೆಯಾದರೂ ಎಷ್ಟು? ಬರೀ 2.5 ಲೀಟರ್. ಅದರಲ್ಲಿ ಅರ್ಧ ಲೀಟರ್ ಹೋದರೂ ಉಳಿದದ್ದು ಜಾಸ್ತಿ ಬಿಸಿಯಾಗುತ್ತದೆ. ಇದರ ಜೊತೆಗೆ ಸೋರಿದ ಎಣ್ಣೆ ಸಿಲಿಂಡರಿನ ರೆಕ್ಕೆಗಳ ಮೇಲೆ ಕೂರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಕೆಲವು ತಿಂಗಳಲ್ಲಿ ಸಿಲಿಂಡರಿಗೆ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಚಿಕ್ಕ ಸೋರಿಕೆ ದೊಡ್ಡ ರಿಪೇರಿಯಾಗುವುದು ಈ ದಾರಿಯಲ್ಲೇ.

ಯಾಕೆ ಗಾಬರಿ ಬೇಡ? ಹೆಚ್ಚಿನ ಸೋರಿಕೆಗಳಿಗೆ ಕಾರಣ ಕಡಿಮೆ ಬೆಲೆಯ ಗ್ಯಾಸ್ಕೆಟ್, ವಾಷರ್ ಅಥವಾ ರಬ್ಬರ್ ಸೀಲ್. ಕಷ್ಟ ಇರುವುದು ರಿಪೇರಿಯಲ್ಲಲ್ಲ, ಜಾಗ ಪತ್ತೆ ಮಾಡುವುದರಲ್ಲಿ. ಎಣ್ಣೆ ಹುಟ್ಟಿದಲ್ಲಿ ಬೀಳುವುದಿಲ್ಲ. ಎಂಜಿನ್ ಕೇಸಿನ, ಅಂದರೆ ಹೊರ ಕವಚದ, ಮೈಮೇಲೆ ಹರಿದು, ತಗಡಿನ ಅಂಚು ಹಿಡಿದು, ಓಡುವಾಗ ಗಾಳಿಗೆ ಹಾರಿ, ಕೊನೆಗೆ ಎಲ್ಲೋ ಒಂದು ತಗ್ಗಿನ ನಟ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ.

ಕಾರಿನ ಕೆಳಗೆ ಹೋಗುವ ಮುಂಚೆ

ಟೈರ್ ಬದಲಿಸುವ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಸಮತಟ್ಟಾದ ಗಟ್ಟಿ ನೆಲ, ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಹಿಂದೆ ಎರಡು ಜಾಕ್ ಸ್ಟ್ಯಾಂಡ್. ಇಷ್ಟು ಆದಮೇಲೆ ಕಾರನ್ನು ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಿ. ಅಲ್ಲಾಡಿದರೆ ಮತ್ತೆ ಸರಿಯಾಗಿ ಕೂರಿಸಿ.

ಎಂಜಿನ್ ತಣ್ಣಗಿರಲಿ. ಸೈಲೆನ್ಸರ್ ಮತ್ತು ಹೀಟ್ ಎಕ್ಸ್‌ಚೇಂಜರ್ (ಕಾರಿನೊಳಗಿನ ಹೀಟರಿಗೆ ಗಾಳಿ ಬಿಸಿ ಮಾಡುವ ಭಾಗ) ಗಾಡಿ ನಿಂತು ತುಂಬ ಹೊತ್ತಾದರೂ ಸುಡುತ್ತವೆ. ಎಂಜಿನ್ ಓಡುತ್ತಿರುವಾಗ ಕೆಳಗೆ ಮಲಗಬೇಡಿ. ಮೇಲಿಂದ ನೋಡುವಾಗಲೂ ಸಡಿಲ ಬಟ್ಟೆ, ಉದ್ದ ಕೂದಲು ಫ್ಯಾನ್ ಬೆಲ್ಟಿನಿಂದ ದೂರ ಇರಲಿ. ಹಳೆ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ, ಗ್ಲೌಸ್ ಹಾಕಿ. ಪೆಟ್ರೋಲ್ ಪೈಪಿನ ಹತ್ತಿರ ಅಥವಾ ವೈರಿಂಗ್ ಹತ್ತಿರ ಕೆಲಸ ಮಾಡುವುದಿದ್ದರೆ ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ.

ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಬೀಟಲ್ ಎಂಜಿನ್ನಿನ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಒಮ್ಮೆ ಬೆಂಕಿ ಹತ್ತಿತು ಅಂದರೆ ಆರಿಸುವುದು ಬಹಳ ಕಷ್ಟ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಹಾಗಾಗಿ ಬೆಂಕಿ ಹುಟ್ಟದಂತೆ ನೋಡಿಕೊಳ್ಳುವುದೇ ಮುಖ್ಯ.

ಎಲ್ಲ ಕಡೆ ಜಿಡ್ಡು, ಎಲ್ಲಿಂದ ಶುರು ಅಂತಲೇ ಗೊತ್ತಾಗುತ್ತಿಲ್ಲ

ಹಾಗಿದ್ದರೆ ಮೊದಲು ತೊಳೆಯಿರಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕೊಳೆ ಎಂಜಿನ್ ನೋಡಿ ಸೋರಿಕೆ ಹೇಳುವುದು ಊಹೆ ಅಷ್ಟೆ. ಊಹೆಯ ಮೇಲೆ ಒಂದು ನಟ್ಟನ್ನೂ ಬಿಚ್ಚಬೇಡಿ.

ತೊಳೆಯುವ ಮೊದಲು ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ನೋಡಿ. ಕಾರು ಸಮ ನೆಲದಲ್ಲಿರಲಿ, ಎಂಜಿನ್ ನಿಂತು ಐದು ನಿಮಿಷವಾದರೂ ಆಗಿರಲಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಸುಮಾರು ಒಂದು ಲೀಟರ್. ಮೇಲಿನ ಗೆರೆ ದಾಟಿದ್ದರೆ ಅದೇ ನಿಮ್ಮ ಸೋರಿಕೆಗೆ ಕಾರಣ ಇರಬಹುದು. ‘ಸೋರುತ್ತದಲ್ಲ, ಸ್ವಲ್ಪ ಜಾಸ್ತಿನೇ ಹಾಕೋಣ’ ಅಂತ ಹಾಕುವವರು ಸೋರಿಕೆಯನ್ನು ತಾವೇ ಹೆಚ್ಚಿಸುತ್ತಾರೆ. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕಡೆದು ನೊರೆ ಎಬ್ಬಿಸಿ, ದಾರಿ ಸಿಕ್ಕಲ್ಲೆಲ್ಲ ಹೊರಗೆ ತಳ್ಳುತ್ತದೆ.

ಈಗ ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ), ಕಾಯಿಲ್, ಡೈನಮೋ ಇವಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ. ಡಿಗ್ರೀಸರ್ ಹೊಡೆದು ಬ್ರಷ್‌ನಿಂದ ಉಜ್ಜಿ. ಆಮೇಲೆ ಕಡಿಮೆ ಒತ್ತಡದ ನೀರು. ಪೆಟ್ರೋಲ್ ಹಾಕಿ ತೊಳೆಯುವುದು ಬೇಡವೇ ಬೇಡ. ಪೂರ್ತಿ ಒಣಗಲಿ, ಆಮೇಲೆ 15-20 ಕಿಲೋಮೀಟರ್ ಓಡಿಸಿ. ಬಂದು ನಿಲ್ಲಿಸಿ, ಕೆಳಗೆ ದೊಡ್ಡದೊಂದು ರಟ್ಟು ಹಾಸಿ. ಚಕ್ರಗಳು ಎಲ್ಲಿವೆ ಅಂತ ರಟ್ಟಿನ ಮೇಲೆ ಗುರುತು ಮಾಡಿ, ಎಡ, ಬಲ, ಮುಂದೆ, ಹಿಂದೆ ಅಂತ ಬರೆಯಿರಿ. ಮಾರನೇ ಬೆಳಿಗ್ಗೆ ಆ ರಟ್ಟು ನಿಮಗೆ ನಕ್ಷೆಯಾಗುತ್ತದೆ.

ಟಾರ್ಚ್ ಹಿಡಿದು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದರ ಹತ್ತಿರವೇ ಮೂಲ ಇರುತ್ತದೆ. ಅನುಮಾನ ಇರುವ ಜಾಗಕ್ಕೆ ಟಾಲ್ಕಮ್ ಪೌಡರ್ ಉದುರಿಸಿ ಮತ್ತೆ ಸ್ವಲ್ಪ ದೂರ ಓಡಿಸಿದರೆ ಬಿಳಿ ಪುಡಿಯಲ್ಲಿ ಎಣ್ಣೆ ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಅದೂ ಸಾಲದಿದ್ದರೆ ಎಣ್ಣೆಗೆ ಹಾಕುವ ಯುವಿ ಡೈ ಮತ್ತು ನೇರಳೆ ದೀಪ ಸಿಗುತ್ತವೆ. ನನ್ನ ಅನುಭವದಲ್ಲಿ ಪೌಡರೇ ಹೆಚ್ಚಿನ ಸಲ ಸಾಕಾಗಿದೆ.

ಬಿದ್ದದ್ದು ಎಂಜಿನ್ ಆಯಿಲ್ಲೇ ತಾನೇ? ಅದನ್ನೂ ನೋಡಿಕೊಳ್ಳಿ. ಬೀಟಲ್‌ನ ಕ್ಲಚ್ ಕೇಬಲ್‌ನಿಂದ ಕೆಲಸ ಮಾಡುತ್ತದೆ, ಅದರಲ್ಲಿ ದ್ರವ ಇಲ್ಲ. ಹಾಗಾಗಿ ಈ ಭಾಗದಲ್ಲಿ ಸೋರಬಹುದಾದವು ಮುಖ್ಯವಾಗಿ ಮೂರು: ಎಂಜಿನ್ ಆಯಿಲ್, ಗೇರ್ ಆಯಿಲ್, ಪೆಟ್ರೋಲ್. ಗೇರ್ ಆಯಿಲ್ ದಪ್ಪ, ಗಂಧಕದ ಗಬ್ಬು ವಾಸನೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಹಿಂದಿನ ಚಕ್ರದ ಒಳಮೈಯಲ್ಲಿ ಒದ್ದೆ ಇದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿ ಓಡಿಸದೆ ಮೊದಲು ಬ್ರೇಕ್ ನೋಡಿಸಿ.

ಮುಂದೆ ಎಡ, ಬಲ ಅಂದಾಗ ಡ್ರೈವರ್ ಸೀಟಿನಲ್ಲಿ ಮುಂದೆ ನೋಡುತ್ತ ಕೂತವರ ಎಡ, ಬಲ. ಎಂಜಿನ್ನಿನ ‘ಮುಂದೆ’ ಅಂದರೆ ಗೇರ್‌ಬಾಕ್ಸ್ ಇರುವ ಬದಿ.

ಹನಿಗಳು ಎಡ ಅಥವಾ ಬಲ ಅಂಚಿನಲ್ಲಿ, ಚಕ್ರದ ಹತ್ತಿರ

ವಾಲ್ವ್‌ಗಳ ಭಾಗವನ್ನು ಮುಚ್ಚುವ ಟ್ಯಾಪೆಟ್ ಕವರ್ ನೋಡಿ. ಒಂದೊಂದು ಬದಿಗೆ ಒಂದೊಂದು, ದಪ್ಪ ತಂತಿಯ ಕ್ಲಿಪ್ ಒತ್ತಿ ಹಿಡಿದಿರುತ್ತದೆ. ಒಳಗೆ ಕಾರ್ಕ್ ಗ್ಯಾಸ್ಕೆಟ್. ಕಾರ್ಕ್ ಬಿಸಿಗೆ ಒಣಗಿ ಗಡಸಾಗುತ್ತದೆ, ಬಿರುಕು ಬಿಡುತ್ತದೆ. ಇಡೀ ಎಂಜಿನ್ನಿನಲ್ಲಿ ಇದಕ್ಕಿಂತ ಸುಲಭದ, ಅಗ್ಗದ ರಿಪೇರಿ ಇನ್ನೊಂದಿಲ್ಲ.

ಕವರಿನ ಕೆಳ ಅಂಚು ಮಾತ್ರ ಒದ್ದೆಯಾಗಿ, ಅದಕ್ಕಿಂತ ಮೇಲೆ ಒಣಗಿದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಕ್ಲಿಪ್ಪನ್ನು ಸ್ಕ್ರೂಡ್ರೈವರ್‌ನಿಂದ ಕೆಳಕ್ಕೆ ಮೀಟಿ, ಕವರ್ ತೆಗೆಯಿರಿ. ಸ್ವಲ್ಪ ಎಣ್ಣೆ ಬೀಳುತ್ತದೆ, ಕೆಳಗೆ ತಟ್ಟೆ ಇಡಿ. ಸಿಲಿಂಡರ್ ಹೆಡ್ಡಿನ ಮೈಮೇಲೆ ಹಳೆ ಕಾರ್ಕ್ ಚೂರು ಉಳಿಯದಂತೆ ಒರೆಸಿ. ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ಅಂಚು ಸಮ ಇದೆಯಾ ನೋಡಿ. ಹೊಸ ಗ್ಯಾಸ್ಕೆಟ್ಟನ್ನು ಕವರಿಗೆ ಮಾತ್ರ ತೆಳುವಾಗಿ ಅಂಟಿಸಿ. ಹೆಡ್ಡಿನ ಕಡೆ ಏನೂ ಹಚ್ಚಬೇಡಿ, ಮುಂದಿನ ಸಲ ಬಿಚ್ಚುವಾಗ ಹರಿದುಹೋಗುತ್ತದೆ. ಹೇಗೂ ವಾಲ್ವ್ ಅಡ್ಜಸ್ಟ್ ಮಾಡಲು ಇದನ್ನು ತೆಗೆಯಲೇಬೇಕಲ್ಲ, ಎಂಜಿನ್ ತಣ್ಣಗಿರುವಾಗ ವಾಲ್ವ್ ಸಂದನ್ನು 0.15 ಮಿಲಿಮೀಟರ್ ಇಟ್ಟು ಎರಡು ಕೆಲಸವನ್ನೂ ಒಟ್ಟಿಗೆ ಮುಗಿಸಿ.

ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿದರೆ ತಂತಿ ಕ್ಲಿಪ್ಪಿನ ಬಿಗಿ ಹೋಗಿರಬಹುದು. ಬೆರಳಲ್ಲಿ ಸಲೀಸಾಗಿ ಇಳಿಯುವ ಕ್ಲಿಪ್ ಎಣ್ಣೆ ತಡೆಯುವುದಿಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ಎಣ್ಣೆ ವಾಸನೆ, ಕೆಳಗಿನಿಂದ ತೆಳು ಹೊಗೆ

ಎಣ್ಣೆ ಬಿಸಿ ಹೀಟ್ ಎಕ್ಸ್‌ಚೇಂಜರ್ ಮೇಲೆ ಬೀಳುತ್ತಿದೆ. ಟ್ಯಾಪೆಟ್ ಕವರ್ ಒಣಗಿದ್ದರೆ ಮುಂದಿನ ಅನುಮಾನ ಪುಶ್‌ರಾಡ್ ಟ್ಯೂಬ್‌ಗಳ ಮೇಲೆ.

ಕೆಳಗಿನಿಂದ ನೋಡಿದರೆ ಕೇಸಿನಿಂದ ಹೆಡ್ಡಿಗೆ ಹೋಗುವ ತೆಳು ಉಕ್ಕಿನ ಕೊಳವೆಗಳು ಕಾಣುತ್ತವೆ. ಬದಿಗೆ ನಾಲ್ಕು, ಒಟ್ಟು ಎಂಟು. ಇವುಗಳ ಒಳಗೆ ಪುಶ್‌ರಾಡ್, ಅಂದರೆ ವಾಲ್ವ್ ತೆರೆಸುವ ಕಡ್ಡಿ, ಓಡಾಡುತ್ತದೆ. ಅದರ ಜೊತೆಗೆ ಹೆಡ್ಡಿಗೆ ಹೋದ ಎಣ್ಣೆ ವಾಪಸ್ ಕೇಸಿಗೆ ಬರುವ ದಾರಿಯೂ ಇದೇ. ಎರಡು ತುದಿಯಲ್ಲೂ ರಬ್ಬರ್ ಸೀಲ್, ಅವನ್ನು ಒತ್ತಿ ಹಿಡಿಯಲು ಕೊಳವೆಯ ತುದಿಗಳಲ್ಲಿ ಸುಕ್ಕು ಸುಕ್ಕಾದ ಭಾಗ. ಎಂಜಿನ್ ಸಾವಿರಾರು ಸಲ ಬಿಸಿಯಾಗಿ, ತಣ್ಣಗಾಗಿ, ಹಿಗ್ಗಿ, ಕುಗ್ಗಿದ ಮೇಲೆ ರಬ್ಬರ್ ಕಲ್ಲಾಗುತ್ತದೆ, ಸುಕ್ಕಿನ ಒತ್ತಡವೂ ಕಡಿಮೆಯಾಗುತ್ತದೆ.

ಒಂದೊಂದು ಕೊಳವೆಯನ್ನೂ ಬಟ್ಟೆಯಿಂದ ಒರೆಸಿ, ಓಡಿಸಿ, ಮತ್ತೆ ನೋಡಿ. ಕೇಸಿನ ತುದಿ ಒದ್ದೆಯಾ, ಹೆಡ್ಡಿನ ತುದಿ ಒದ್ದೆಯಾ, ಇಲ್ಲ ನಡುವೆಯಾ? ನಡುವೆ ಒದ್ದೆ ಇದ್ದರೆ ತುಕ್ಕು ಹಿಡಿದು ಸೂಜಿ ತೂತು ಬಿದ್ದಿದೆ. ಆದರೆ ಕೇಸಿನ ತುದಿ ಒದ್ದೆ ಇದೆ ಅಂತ ತಕ್ಷಣ ತೀರ್ಮಾನ ಬೇಡ. ಮೇಲಿಂದ ಹರಿದ ಎಣ್ಣೆಯೂ ಕೊಳವೆ ಹಿಡಿದು ಇಳಿಯುತ್ತದೆ, ಅದರಲ್ಲೂ ಎಡಬದಿಯಲ್ಲಿ. ಕೊಳವೆಗಳ ಮೇಲಿರುವ ಸಿಲಿಂಡರಿನ ಬುಡವನ್ನು ಬೆರಳಿಂದ ಮುಟ್ಟಿ ನೋಡಿ.

ಒಂದೆರಡು ಕೊಳವೆ ಮಾತ್ರ ಸೋರುತ್ತಿದ್ದರೆ ಹೆಡ್ ಬಿಚ್ಚಬೇಕಾಗಿಲ್ಲ. ಸ್ಪ್ರಿಂಗ್ ಇರುವ, ಕುಗ್ಗಿಸಬಹುದಾದ ಬದಲಿ ಕೊಳವೆಗಳು ಸಿಗುತ್ತವೆ. ರಾಕರ್ (ವಾಲ್ವ್ ಒತ್ತುವ ತೋಳು) ಬಿಚ್ಚಿ, ಪುಶ್‌ರಾಡ್ ಎಳೆದು, ಹಳೆ ಕೊಳವೆಯನ್ನು ಹೊರತೆಗೆದು ಇದನ್ನು ಕೂರಿಸಬಹುದು. ರಾಕರ್ ನಟ್‌ಗಳ ಬಿಗಿತ ಸುಮಾರು 25 ನ್ಯೂಟನ್ ಮೀಟರ್, ಆಮೇಲೆ ವಾಲ್ವ್ ಅಡ್ಜಸ್ಟ್ ಮಾಡಲೇಬೇಕು. ಇದು ಒಳ್ಳೆಯ ತಾತ್ಕಾಲಿಕ ಪರಿಹಾರ. ಆದರೆ ಎಂಟೂ ಸೋರುತ್ತಿದ್ದರೆ, ಮುಂದೆ ಯಾವತ್ತಾದರೂ ಹೆಡ್ ಬಿಚ್ಚುವಾಗ ಮೂಲ ರೀತಿಯ ಕೊಳವೆಗಳನ್ನೇ ಹಾಕಿ. 1300ರಿಂದ 1600 ಸಿಸಿ ಎಂಜಿನ್‌ಗಳಿಗೆ ಅವನ್ನು ಕೂರಿಸುವ ಮೊದಲು 190-191 ಮಿಲಿಮೀಟರ್ ಉದ್ದಕ್ಕೆ ಎಳೆದುಕೊಳ್ಳಬೇಕು, ಬೆಸುಗೆಯ ಗೆರೆ ಮೇಲಕ್ಕೆ ಬರಬೇಕು. ಎಳೆಯದೆ ಹಾಕಿದ ಕೊಳವೆ ಸೀಲನ್ನು ಒತ್ತುವುದೇ ಇಲ್ಲ. ಹೊಸ ಸೀಲ್ ಹಾಕಿಯೂ ಒಂದೇ ತಿಂಗಳಲ್ಲಿ ಸೋರಲು ಶುರುವಾದರೆ ಇದೇ ತಪ್ಪು ಆಗಿರುವ ಸಾಧ್ಯತೆ ಜಾಸ್ತಿ.

ಹೀಟರ್ ಹಾಕಿದಾಗ ವಾಸನೆ ಒಳಗೇ ಬರುತ್ತಿದ್ದರೆ ಹೀಟರ್ ಮುಚ್ಚಿ, ಕಿಟಕಿ ತೆರೆಯಿರಿ. ಹೀಟ್ ಎಕ್ಸ್‌ಚೇಂಜರ್ ತುಕ್ಕು ಹಿಡಿದು ತೂತಾಗಿದ್ದರೆ ಎಣ್ಣೆ ವಾಸನೆಯ ಜೊತೆ ಎಂಜಿನ್ನಿನ ಹೊಗೆಯೂ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಲೆನೋವು, ತಲೆ ಸುತ್ತು ಕಂಡರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಎಂಜಿನ್ನಿನ ಕೆಳಗೆ ಸರಿಯಾಗಿ ಮಧ್ಯದಲ್ಲಿ ಹನಿ

ಇಲ್ಲಿ ದುಂಡನೆಯ ತಟ್ಟೆಯೊಂದಿದೆ, ಸುತ್ತ ಆರು ಸಣ್ಣ ನಟ್. ಒಳಗೆ ಎಣ್ಣೆ ಸೋಸುವ ಜಾಲರಿ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಬೀಟಲ್ ಎಂಜಿನ್‌ಗೆ ಬೇರೆ ಆಯಿಲ್ ಫಿಲ್ಟರ್ ಇಲ್ಲ, ಈ ಜಾಲರಿಯೇ ಎಲ್ಲ.

ಮೊದಲು ನಟ್ ತುದಿಗಳನ್ನು ನೋಡಿ. ಒಂದು ನಟ್ಟಿನಿಂದ ಮಾತ್ರ ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗಿನ ತಾಮ್ರದ ವಾಷರ್ ಹೋಗಿದೆ. ಹಳೇ ವಾಷರನ್ನೇ ಮತ್ತೆ ಹಾಕಿದರೆ ಹೀಗಾಗುತ್ತದೆ. ತಟ್ಟೆಯ ಸುತ್ತ ಒದ್ದೆ ಇದ್ದರೆ ಜಾಲರಿಯ ಮೇಲೊಂದು ಕೆಳಗೊಂದು ಇರುವ ಕಾಗದದ ಗ್ಯಾಸ್ಕೆಟ್ ಬದಲಿಸಿ. ನಡುವೆ ಡ್ರೇನ್ ಬೋಲ್ಟ್ ಇರುವ ತಟ್ಟೆಯಾದರೆ ಅದರ ವಾಷರ್ ಕೂಡ ನೋಡಿ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಅಂದರೆ ಸೋರಿತು ಅಂತ ನಟ್ ಬಿಗಿ ಮಾಡುವುದು. ಈ ಆರು ನಟ್‌ಗಳಿಗೆ ಬೇಕಾದ ಬಿಗಿ ಬರೀ 7 ನ್ಯೂಟನ್ ಮೀಟರ್. ಚಿಕ್ಕ ಪಾನಾ ಹಿಡಿದು ಎರಡು ಬೆರಳಲ್ಲಿ ಎಳೆದಷ್ಟು. ಅದಕ್ಕಿಂತ ಜಾಸ್ತಿ ಎಳೆದರೆ ತಟ್ಟೆ ನಟ್ಟಿನ ಸುತ್ತ ಬಗ್ಗಿ ನಡುನಡುವೆ ಸಂದು ಬಿಡುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ಇನ್ನೂ ಎಳೆದರೆ ಮೆತ್ತನೆಯ ಕೇಸಿನಿಂದ ಸ್ಟಡ್ಡೇ ಕಿತ್ತು ಬರುತ್ತದೆ. ಬಿಚ್ಚಿದಾಗ ತಟ್ಟೆಯನ್ನು ಗಾಜಿನ ಮೇಲಿಟ್ಟು ಪರೀಕ್ಷಿಸಿ. ಬಗ್ಗಿದ್ದರೆ ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿ, ಇಲ್ಲ ಹೊಸದು ಹಾಕಿ.

ಜಾಲರಿಯನ್ನು ಬೆಳಕಿಗೆ ಹಿಡಿದು ನೋಡದೆ ವಾಪಸ್ ಹಾಕಬೇಡಿ. ಕಪ್ಪು ಮಡ್ಡಿ ಇದ್ದರೆ ತೊಳೆದರಾಯಿತು. ಹೊಳೆಯುವ ಲೋಹದ ಚೂರುಗಳು ಕೈಗೆ ಸಿಗುವಷ್ಟಿದ್ದರೆ ನಿಮ್ಮ ಸಮಸ್ಯೆ ಸೋರಿಕೆಯದಲ್ಲ, ಒಳಗೆ ಬೇರಿಂಗ್ ಸವೆಯುತ್ತಿದೆ. ಅಲ್ಲಿಗೆ ನಿಲ್ಲಿಸಿ, ಈ ಎಂಜಿನ್ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

ತಟ್ಟೆಯಿಂದ ಮುಂದಕ್ಕೂ ಹಿಂದಕ್ಕೂ ಹೋಗುವ ಕೇಸಿನ ಕೂಡುಗೆರೆಯಲ್ಲಿ ಮಾತ್ರ ಜಿಡ್ಡು ಇದ್ದರೆ? ಈ ಕೇಸ್ ಎಡ, ಬಲ ಎರಡು ಹೋಳು ಸೇರಿಸಿದ್ದು. ಆ ಗೆರೆಯಲ್ಲಿ ಒಸರುವುದನ್ನು ಸರಿಮಾಡಲು ಇಡೀ ಎಂಜಿನ್ ಬಿಡಿಸಬೇಕು. ಹನಿ ಬೀಳದೆ ಬರೀ ಒದ್ದೆಯಾಗುತ್ತಿದ್ದರೆ ನಾನಾದರೆ ಬಿಟ್ಟುಬಿಡುತ್ತೇನೆ. ಆಗಾಗ ಒರೆಸಿ, ಮಟ್ಟ ನೋಡಿಕೊಂಡು ಓಡಿಸಬಹುದು.

ಎಡಬದಿ ಪೂರ್ತಿ ಒದ್ದೆ, ಓಡಿಸಿದಷ್ಟೂ ಜಾಸ್ತಿ

ಎಡಬದಿಗೆ ಹೆಚ್ಚು ಗಮನ ಕೊಡಬೇಕು. ಒತ್ತಡದಲ್ಲಿ ಎಣ್ಣೆ ಇರುವ ಎರಡು ಮುಖ್ಯ ಜಾಗಗಳು, ಪ್ರೆಶರ್ ಸ್ವಿಚ್ ಮತ್ತು ಆಯಿಲ್ ಕೂಲರ್, ಇರುವುದು ಇಲ್ಲೇ. ಒತ್ತಡ ಇರುವ ಕಡೆ ಸೋರಿದರೆ ಹನಿ ಅಲ್ಲ, ಧಾರೆಯೇ ಬರಬಹುದು. ಗಾಡಿ ನಿಂತಾಗ ಕಡಿಮೆ, ಓಡುವಾಗ ಜಾಸ್ತಿ ಅನ್ನುವುದು ಇದರ ಗುರುತು.

ಸುಲಭದ್ದು ಮೊದಲು. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಕೇಸಿಗೆ ತಿರುಚಿ ಕೂರಿಸಿದ ಪುಟ್ಟ ಸ್ವಿಚ್ ಇದೆ, ಡ್ಯಾಶ್‌ಬೋರ್ಡಿನ ಆಯಿಲ್ ದೀಪಕ್ಕೆ ಹೋಗುವ ವೈರ್ ಅದಕ್ಕಿದೆ. ವೈರ್ ಎಳೆದು ನೋಡಿ. ವೈರಿನ ತುದಿಯ ಒಳಗೇ ಎಣ್ಣೆ ಇದ್ದರೆ ಸ್ವಿಚ್ಚಿನ ನಡುವಿನ ಪ್ಲಾಸ್ಟಿಕ್‌ನಿಂದ ಒಸರುತ್ತಿದೆ, ಸ್ವಿಚ್ ಬದಲಿಸಿ. ಅದರ ಥ್ರೆಡ್ ಚೂಪಾಗುತ್ತ ಹೋಗುವ ರೀತಿಯದು, ತುಂಬ ಬಿಗಿ ಮಾಡಿದರೆ ಕೇಸ್ ಸೀಳುತ್ತದೆ. ಥ್ರೆಡ್‌ಗೆ ಸೀಲಂಟ್ ದಪ್ಪಗೆ ಮೆತ್ತಬೇಡಿ. ದೀಪಕ್ಕೆ ಅರ್ಥಿಂಗ್ ಸಿಗುವುದು ಆ ಥ್ರೆಡ್‌ನಿಂದಲೇ.

ಅಲ್ಲೇ ಡಿಸ್ಟ್ರಿಬ್ಯೂಟರಿನ ಬುಡ ಒದ್ದೆ ಇದ್ದರೆ ಅದರ ಓ-ರಿಂಗ್, ಪೆಟ್ರೋಲ್ ಪಂಪಿನ ಬುಡ ಒದ್ದೆ ಇದ್ದರೆ ಅದರ ಗ್ಯಾಸ್ಕೆಟ್. ಡಿಸ್ಟ್ರಿಬ್ಯೂಟರ್ ಎತ್ತುವ ಮೊದಲು ಅದು ನಿಂತಿರುವ ಕೋನಕ್ಕೆ ಗುರುತು ಗೀಚಿ, ಇಲ್ಲದಿದ್ದರೆ ಟೈಮಿಂಗ್ ಹೋಗುತ್ತದೆ.

ಇವೆಲ್ಲ ಒಣಗಿದ್ದರೆ ಉಳಿದದ್ದು ಆಯಿಲ್ ಕೂಲರ್. ಫ್ಯಾನಿನ ತಗಡಿನ ಗೂಡಿನೊಳಗೆ, 3ನೇ ಸಿಲಿಂಡರಿನ (ಎಡಬದಿಯಲ್ಲಿ ಗೇರ್‌ಬಾಕ್ಸ್ ಕಡೆಯದು) ಮೇಲೆ ನಿಂತಿರುತ್ತದೆ. 1971ರ ಮಾದರಿಯಿಂದ ಅದಕ್ಕೆ ಪ್ರತ್ಯೇಕ ಗೂಡು ಬಂತು. ಎರಡು ರೀತಿಯಲ್ಲೂ ಬುಡದಲ್ಲಿ ಎರಡು ಸಣ್ಣ ರಬ್ಬರ್ ಸೀಲ್ ಇವೆ. ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಅದರ ಗುರುತುಗಳು ಮಾತ್ರ ಕಾಣುತ್ತವೆ: 3ನೇ ಸಿಲಿಂಡರಿನ ರೆಕ್ಕೆಗಳ ನಡುವೆ ಎಣ್ಣೆ, ಅದರ ಕೆಳಗಿನ ತಗಡು ತೊಯ್ದಿರುವುದು, ಅಲ್ಲಿಂದ ಮುಂದಕ್ಕೆ ಗೇರ್‌ಬಾಕ್ಸಿನ ಕೂಡುಜಾಗದವರೆಗೆ ಜಾಡು.

ಈ ಕೂಲರ್ ವಿಷಯದಲ್ಲಿ ನನಗೆ ಒಂದು ಸಲ ತುಂಬ ನೋವಾಗಿದೆ. ಗೇರ್‌ಬಾಕ್ಸ್ ಹತ್ತಿರ ಹನಿ ಬೀಳುತ್ತಿತ್ತು. ಒಬ್ಬ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಸೀಲ್ ಹೋಗಿದೆ ಅಂದರು. ಎಂಜಿನ್ ಇಳಿಸಿ, ಸೀಲ್ ಬದಲಿಸಿ, ಮತ್ತೆ ಏರಿಸಿದರು. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಹನಿ. ಆಮೇಲೆ ಇಡೀ ಎಂಜಿನ್ ತೊಳೆದು ಪೌಡರ್ ಹಾಕಿದಾಗ ಗೊತ್ತಾಯಿತು, ಬರುತ್ತಿದ್ದದ್ದು ಕೂಲರಿನ ಬುಡದಿಂದ. ಎಂಜಿನ್ ಕೆಳಗಿದ್ದ ದಿನ ಆ ಎರಡು ಪುಟ್ಟ ಸೀಲುಗಳಿಗೆ ಕೈ ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತೊಳೆಯಿರಿ, ತೊಳೆಯಿರಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕೂಲರ್ ಸೀಲ್ ಹಾಕುವಾಗ ಅಳತೆ ನೋಡಿಕೊಳ್ಳಿ. ಕೇಸಿನ ತೂತು ಮತ್ತು ಕೂಲರಿನ ತೂತು 8 ಅಥವಾ 10 ಮಿಲಿಮೀಟರ್ ಇರಬಹುದು, ಅದಕ್ಕೆ ತಕ್ಕ ಸೀಲೇ ಬೇಕು. ಸೀಲ್ ಹೊಸದಾದರೂ ನಿಲ್ಲದಿದ್ದರೆ ಕೂಲರೇ ಬಿರುಕು ಬಿಟ್ಟಿರಬಹುದು, ಅದನ್ನು ಒತ್ತಡ ಹಾಕಿ ಪರೀಕ್ಷೆ ಮಾಡಿಸಿ. ಇನ್ನೊಂದು ಕೆಟ್ಟ ಸಾಧ್ಯತೆಯೂ ಇದೆ: 3ನೇ ಸಿಲಿಂಡರಿನ ಹಿಂಬದಿಯಲ್ಲಿ ಕೇಸೇ ಬಿರುಕು ಬಿಡುವುದು. ತುಂಬ ಓಡಿದ, ತುಂಬ ಬಿಸಿಯಾದ ಎಂಜಿನ್‌ಗಳಲ್ಲಿ ಇದು ಕಾಣುತ್ತದೆ, ಮನೆಯಲ್ಲಿ ಸರಿಮಾಡುವ ಕೆಲಸವಲ್ಲ.

ಹಿಂದೆ ಪುಲ್ಲಿಯ ಸುತ್ತ ಎಣ್ಣೆ ಎರಚಿದೆ, ಒಂದಲ್ಲ ನಾಲ್ಕು ಕಡೆ ಸೋರುತ್ತಿದೆ

ಕ್ರ್ಯಾಂಕ್ ಪುಲ್ಲಿಗೆ ಮೂಲ ಎಂಜಿನ್ನಿನಲ್ಲಿ ರಬ್ಬರ್ ಸೀಲ್ ಇಲ್ಲ. ಪುಲ್ಲಿಯ ಕತ್ತಿನಲ್ಲಿ ಸುರುಳಿ ಗೀರು ಇದೆ, ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ವಾಪಸ್ ತಳ್ಳುತ್ತದೆ. ಸರಳ, ಚೆಂದದ ಏರ್ಪಾಡು. ಆದರೆ ಕೇಸಿನೊಳಗೆ ಗಾಳಿಯ ಒತ್ತಡ ಜಾಸ್ತಿಯಾದರೆ ಅದು ಸೋಲುತ್ತದೆ. ಹಾಗಾಗಿ ಪುಲ್ಲಿಯಲ್ಲಿ ಎಣ್ಣೆ ಕಂಡರೆ ಮೊದಲು ಎಣ್ಣೆ ಮಟ್ಟ, ಆಮೇಲೆ ಬ್ರೀದರ್, ಅಂದರೆ ಕೇಸಿನೊಳಗಿನ ಗಾಳಿ ಹೊರಹೋಗುವ ದಾರಿ.

ಎಣ್ಣೆ ಹಾಕುವ ಬಾಯಿಯಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಪೈಪ್ ತೆಗೆದು ಊದಿ ನೋಡಿ. ಕಟ್ಟಿರಬಾರದು, ಒಳಗೆ ಕುಸಿದಿರಬಾರದು. ಕೆಳಕ್ಕೆ ಇಳಿಯುವ ಕೊಳವೆಯ ತುದಿಯಲ್ಲಿ ರಬ್ಬರ್ ನಾಲಿಗೆ ಇದ್ದರೆ ಅದು ಮಡ್ಡಿಯಿಂದ ಅಂಟಿಕೊಂಡಿದೆಯಾ ನೋಡಿ. ಬ್ರೀದರ್ ಕಟ್ಟಿದ ಎಂಜಿನ್ನಿಗೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬರುತ್ತದೆ.

ಬ್ರೀದರ್ ಸರಿ ಇದ್ದರೆ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಅಂಗೈ ಹಿಡಿಯಿರಿ. ಸಣ್ಣಗೆ ಮಿಡಿದರೆ ಪರವಾಗಿಲ್ಲ. ಬುಸುಬುಸು ಹೊಗೆ ಬಂದು ಅಂಗೈಯನ್ನು ತಳ್ಳಿದರೆ ಪಿಸ್ಟನ್ ರಿಂಗ್ ಸವೆದಿವೆ. ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಹೀಗೆ ಸವೆದ ಎಂಜಿನ್‌ನಲ್ಲಿ ಸೋರಿಕೆ ಬರೀ ಲಕ್ಷಣ.

ಪುಲ್ಲಿಯ ಹಿಂದೆ, ಕೆಳಗೆ ಮಾತ್ರ ಒದ್ದೆ ಇದ್ದರೆ ಆಯಿಲ್ ಪಂಪಿನ ಮುಚ್ಚಳ. ಮೇಲಿಂದ, ಡೈನಮೋ ಸ್ಟ್ಯಾಂಡಿನ ಬುಡದಿಂದ ಇಳಿದಿದ್ದರೆ ಸ್ಟ್ಯಾಂಡ್ ಗ್ಯಾಸ್ಕೆಟ್.

ಯಾವುದೇ ಇರಲಿ, ಬೆಲ್ಟಿಗೆ ಎಣ್ಣೆ ತಾಗಿದೆಯಾ ಅಂತ ಇವತ್ತೇ ನೋಡಿ. ಇದೇ ಬೆಲ್ಟ್ ಡೈನಮೋ ಜೊತೆಗೆ ಕೂಲಿಂಗ್ ಫ್ಯಾನನ್ನೂ ತಿರುಗಿಸುತ್ತದೆ. ಎಣ್ಣೆ ತಾಗಿದ ಬೆಲ್ಟ್ ಜಾರಿದರೆ ಎಂಜಿನ್ನಿಗೆ ಗಾಳಿಯೇ ಇಲ್ಲ. ಬದಲಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿಲಿಮೀಟರ್ ಬಗ್ಗುವಷ್ಟು ಬಿಗಿ ಇಡಿ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಹನಿ

ಎಲ್ಲರೂ ಹೆದರುವ ಜಾಗ ಇದು. ಮೊದಲು ಮೂಸಿ ನೋಡಿ. ಗಂಧಕದ ವಾಸನೆ ಇದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್. ಇಲ್ಲದಿದ್ದರೆ ಎಂಜಿನ್ ಆಯಿಲ್.

ಆಮೇಲೆ ಒಂದು ಸರಳ ಪ್ರಶ್ನೆ: ಕೂಡುಜಾಗದ ಮೇಲ್ಭಾಗ ಒಣಗಿದೆಯಾ? ಒದ್ದೆ ಇದ್ದರೆ ಎಣ್ಣೆ ಮೇಲಿಂದ ಬಂದಿದೆ, ಕೂಲರ್ ಮತ್ತು ಸ್ವಿಚ್ ಕಡೆಗೆ ವಾಪಸ್ ಹೋಗಿ. ಮೇಲೆ, ಬದಿಯಲ್ಲಿ ಪೂರ್ತಿ ಒಣಗಿದ್ದು, ತಳದ ಸಂದಿನಿಂದ ಮಾತ್ರ ಎಣ್ಣೆ ಇಳಿಯುತ್ತಿದ್ದರೆ ಆಗ ಒಳಗಿನದ್ದು ಅಂತ ಒಪ್ಪಬಹುದು. ಕ್ಲಚ್ ಜಾರುವುದು, ಬಿಡುವಾಗ ಗಾಡಿ ನಡುಗುವುದು ಇದ್ದರೆ ಕ್ಲಚ್ ಪ್ಲೇಟಿಗೂ ಎಣ್ಣೆ ತಾಗಿದೆ.

ಇಲ್ಲಿಂದ ಮುಂದೆ ಎಂಜಿನ್ ಇಳಿಸಲೇಬೇಕು. ಗೇರ್‌ಬಾಕ್ಸಿಗೆ ಎಂಜಿನ್ನನ್ನು ಹಿಡಿದಿರುವುದು ನಾಲ್ಕೇ ಜಾಗದಲ್ಲಿ, ಆದರೆ ತೂಕ ನೂರು ಕಿಲೋ ದಾಟುತ್ತದೆ. ಸರಿಯಾದ ಜಾಕ್ ಮತ್ತು ಜೊತೆಗೊಬ್ಬರು ಇಲ್ಲದೆ ಕೈ ಹಾಕಬೇಡಿ. ಇಳಿಸಿದ ಮೇಲೆ ಸೀಲ್ ಮಾತ್ರ ಬದಲಿಸಿ ಏರಿಸಬೇಡಿ. ಫ್ಲೈವೀಲ್ ಒಳಗಿನ ಓ-ರಿಂಗ್, ಕ್ಯಾಮ್‌ಶಾಫ್ಟ್ ತುದಿಯ ಮುಚ್ಚಳ, ಕ್ರ್ಯಾಂಕ್‌ನ ಹಿಂದು ಮುಂದಿನ ಆಟ ಎಲ್ಲವನ್ನೂ ನೋಡಿ. ಆ ಆಟ 0.07ರಿಂದ 0.13 ಮಿಲಿಮೀಟರ್ ಒಳಗಿರಬೇಕು. ಅದು ಮೀರಿದ ಎಂಜಿನ್ನಿನಲ್ಲಿ ಹೊಸ ಸೀಲ್ ತುಂಬ ದಿನ ಬಾಳುವುದಿಲ್ಲ. ಮತ್ತೆ, ಆ ಕೂಲರ್ ಸೀಲುಗಳನ್ನು ಮರೆಯಬೇಡಿ.

ಸೋರುತ್ತಿದೆ, ಆದರೂ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಏರಿದೆ

ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಪಂಪಿನ ಡಯಾಫ್ರಮ್ ಹರಿದು, ಅಥವಾ ಕಾರ್ಬ್ಯುರೇಟರಿನ ಸೂಜಿ ವಾಲ್ವ್ ನಿಲ್ಲದೆ, ಪೆಟ್ರೋಲ್ ಎಣ್ಣೆಗೆ ಸೇರುತ್ತಿದೆ. ತೆಳುವಾದ ಎಣ್ಣೆ ಎಲ್ಲ ಸಂದಿಯಿಂದ ಸೋರುತ್ತದೆ, ಬೇರಿಂಗನ್ನೂ ಕಾಯುವುದಿಲ್ಲ, ಬೆಂಕಿಯ ಅಪಾಯವೂ ಇದೆ. ಪಂಪ್ ಅಥವಾ ವಾಲ್ವ್ ಸರಿಮಾಡಿ, ಎಣ್ಣೆ ಪೂರ್ತಿ ಬದಲಿಸಿದ ಮೇಲೆಯೇ ಓಡಿಸಿ. ಹಳೆ ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅವನ್ನೂ ಬದಲಿಸಿ.

ಯಾವಾಗ ತಕ್ಷಣ ನಿಲ್ಲಿಸಬೇಕು

ಓಡುವಾಗ ಆಯಿಲ್ ದೀಪ ಹತ್ತಿದರೆ, ಅಥವಾ ಚಾರ್ಜಿಂಗ್ ದೀಪ ಹತ್ತಿದರೆ, ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿ. ಮುಂದಿನ ತಿರುವಿನವರೆಗೆ ಅಂತಲೂ ಬೇಡ. ಮೊದಲನೆಯದು ಎಣ್ಣೆಯ ಒತ್ತಡ ಹೋದ ಸೂಚನೆ, ಎರಡನೆಯದು ಬೆಲ್ಟ್ ಹರಿದು ಫ್ಯಾನ್ ನಿಂತಿರಬಹುದು ಅನ್ನುವ ಸೂಚನೆ. ಐಡಲ್‌ನಲ್ಲಿ, ಎಂಜಿನ್ ಬಿಸಿಯಾಗಿದ್ದಾಗ ಆಯಿಲ್ ದೀಪ ಮಿನುಗಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಆರುತ್ತಿದ್ದರೆ ತಕ್ಷಣದ ಅಪಾಯ ಕಡಿಮೆ. ಆದರೂ ಎಣ್ಣೆ ಮಟ್ಟ ನೋಡಿ, ಒತ್ತಡ ಅಳೆಸಿ.

ಬಿಸಿ ಸೈಲೆನ್ಸರ್ ಮೇಲೆ ಧಾರೆಯಾಗಿ ಬೀಳುತ್ತಿದ್ದರೆ, ಹಿಂದಿನ ಟೈರ್ ಅಥವಾ ಬ್ರೇಕ್ ತೊಯ್ದಿದ್ದರೆ, ಒಂದೇ ದಿನದ ಓಡಾಟಕ್ಕೆ ಡಿಪ್‌ಸ್ಟಿಕ್ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿದರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿ. ಸೋರಿಕೆ ನಿಲ್ಲಿಸುತ್ತದೆ ಅಂತ ಮಾರುವ ದ್ರವಗಳನ್ನು ಇಂಥ ಹೊತ್ತಲ್ಲಿ ನಂಬಬೇಡಿ. ಅವು ಗಡಸಾದ ರಬ್ಬರನ್ನು ಸ್ವಲ್ಪ ಉಬ್ಬಿಸಬಹುದು ಅಷ್ಟೆ. ಹರಿದ ಕಾಗದ, ಒಣಗಿದ ಕಾರ್ಕ್, ಬಗ್ಗಿದ ತಟ್ಟೆ ಇವಕ್ಕೆ ಅವುಗಳಿಂದ ಏನೂ ಆಗುವುದಿಲ್ಲ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಹನಿ ಬಿದ್ದ ಆ ರಟ್ಟು, ಪೌಡರ್ ಹಾಕಿದಾಗ ತೆಗೆದ ಫೋಟೋ, ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಹಾಕಿದಿರಿ ಅನ್ನುವ ಲೆಕ್ಕ, ಮೂರನ್ನೂ ಕೈಯಲ್ಲಿ ಹಿಡಿದು ಹೋಗಿ.